ಮುತ್ತಜ್ಜನ ಕಸುಬನ್ನು ಓದುವ ಕಸುಬು

ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿರುವ ಕಾರ್ನ್‌ವಾಲ್ ಸೀಮೆಯ ಹಳೆಯ ಜನಗಣತಿಯ ಪುಟವೊಂದು ಎದುರಿಗಿದೆ ಎಂದುಕೊಳ್ಳೋಣ. ಇಸವಿ 1851. ಎಡದಲ್ಲಿ ಮನೆಯ ಯಜಮಾನನ ಹೆಸರು. ಅದೇ ಸಾಲಿನಲ್ಲಿ ಬಲಕ್ಕೆ ಸರಿದರೆ ಮದುವೆಯಾಗಿದೆಯೋ ಇಲ್ಲವೋ, ವಯಸ್ಸೆಷ್ಟು ಎಂಬ ವಿವರ. ಅದರಾಚೆ ಕಸುಬಿನ ಕಾಲಂ. ಅಲ್ಲಿರುವುದು ಒಂದೇ ಪದ. ಮೊದಲಕ್ಷರ 'ಟಿ' ಎಂಬುದು ಸ್ಪಷ್ಟ, ಕೊನೆಯಲ್ಲಿ 'ನರ್' ಇರುವುದೂ ಸ್ಪಷ್ಟ. ನಡುವಿನ ಸ್ವರ ಮಾತ್ರ ಶಾಯಿಯ ಒಂದು ಸಣ್ಣ ಗಂಟು. ಅದನ್ನು 'ಟ್ಯಾನರ್' ಎಂದು ಓದಿದರೆ ಆತ ಚರ್ಮ ಹದ ಮಾಡುವವನು. 'ಟರ್ನರ್' ಎಂದರೆ ಮರ ಕಡೆಯುವವನು. 'ಟಿನ್ನರ್' ಎಂದರೆ ತವರದ ಕೆಲಸದವನು. ನಮ್ಮಲ್ಲಿ ತವರದ ಕೆಲಸ ಎಂದೊಡನೆ ಪಾತ್ರೆಗೆ ಕಲಾಯಿ ಹಾಕುವವನು ನೆನಪಾಗುತ್ತಾನೆ. ಆದರೆ ಕಾರ್ನ್‌ವಾಲಿನ ಟಿನ್ನರ್ ಪಾತ್ರೆ ಮುಟ್ಟಿದವನಲ್ಲ. ಬಂಡೆ ಕೊರೆದು ನೆಲದಡಿಯಿಂದ ತವರದ ಅದಿರು ತೆಗೆದವನು.

ಒಂದು ಅಕ್ಷರ ಆಚೀಚೆಯಾದರೆ ಒಬ್ಬ ಮನುಷ್ಯನ ಇಡೀ ಆಯುಷ್ಯವೇ ಬೇರೆಯಾಗಿಬಿಡುತ್ತದೆ. ಹಿರಿಯರ ಜಾಡು ಹಿಡಿದು ಹಳೆಯ ಗಣತಿ ಪುಸ್ತಕಗಳ ಮುಂದೆ ಕೂರುವವರು ಕಲಿಯಬೇಕಾದ ಮೊದಲ ಪಾಠ ಇದು. ಬ್ರಿಟನ್ನಿನಲ್ಲಿ ಈ ಹುಡುಕಾಟ ಸಾವಿರಾರು ಜನರ ಹವ್ಯಾಸ, ಕೆಲವರಿಗೆ ವೃತ್ತಿ. ಹೊರಗಿನವರಿಗೆ ಹೆಸರು, ಇಸವಿ ಕೂಡಿಸುವ ಲೆಕ್ಕದಂತೆ ಕಾಣುತ್ತದೆ. ಪಕ್ಕದಲ್ಲಿ ಕೂತು ನೋಡಿದರೆ ಅಕ್ಕಸಾಲಿಗನ ಕೆಲಸದಷ್ಟು ನಯ ಬೇಡುವ ಕಸುಬು.

ಮೊದಲು ಸಾಮಗ್ರಿಯ ವಿಷಯ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೊದಲ ಜನಗಣತಿ ನಡೆದದ್ದು 1801ರಲ್ಲಿ. ಅಲ್ಲಿಂದ ಹತ್ತು ವರ್ಷಕ್ಕೊಮ್ಮೆ ನಡೆಯಿತು. ಮೊದಲ ನಾಲ್ಕು ಗಣತಿಗಳು ಹೆಚ್ಚುಕಡಿಮೆ ತಲೆ ಎಣಿಕೆ. ಮನೆಯ ಪ್ರತಿಯೊಬ್ಬರ ಹೆಸರನ್ನೂ ದೇಶದಾದ್ಯಂತ ಬರೆದುಕೊಂಡದ್ದು 1841ರ ಜೂನ್ 6ರ ಗಣತಿಯಲ್ಲಿ. ಹೆಸರಿನೊಂದಿಗೆ ಕಸುಬೂ ಬಂತು. ನೂರು ವರ್ಷ ತುಂಬಿದ ಮೇಲೆ ಈ ಪುಸ್ತಕಗಳನ್ನು ಸಾರ್ವಜನಿಕರಿಗೆ ತೆರೆಯುವುದು ಅಲ್ಲಿನ ಪದ್ಧತಿ. 1921ರ ಗಣತಿ 2022ರ ಜನವರಿಯಲ್ಲಿ ತೆರೆಯಿತು. ಅದರ ಮುಂದೆ ಕತ್ತಲು. 1931ರ ದಾಖಲೆಗಳು 1942ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾದವು, 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ.

ಈಗ ಆ ಪದ ಪುಟದ ಮೇಲೆ ಬಂದ ದಾರಿಯನ್ನು ನೋಡಬೇಕು. ಗಣತಿಗೆ ಕೆಲವು ದಿನ ಮೊದಲು ಗಣತಿದಾರ ಮನೆಮನೆಗೆ ಹೋಗಿ ಒಂದು ನಮೂನೆ ಕೊಟ್ಟು ಬರುತ್ತಿದ್ದ. ಗಣತಿಯ ರಾತ್ರಿ ಆ ಸೂರಿನಡಿ ಮಲಗಿದವರ ವಿವರವನ್ನು ಯಜಮಾನ ಅದರಲ್ಲಿ ತುಂಬಬೇಕು. ಅಕ್ಷರ ಬಾರದ ಮನೆಯಾದರೆ ಗಣತಿದಾರನೇ ಹೊಸ್ತಿಲಲ್ಲಿ ನಿಂತು ಕೇಳಿ ಬರೆದುಕೊಳ್ಳುತ್ತಿದ್ದ. ಆಮೇಲೆ ಎಲ್ಲ ನಮೂನೆಗಳನ್ನೂ ಒಟ್ಟುಮಾಡಿ ಒಂದು ದಪ್ಪ ಪುಸ್ತಕಕ್ಕೆ ನಕಲು ಮಾಡುತ್ತಿದ್ದ. ಇಂದು ಉಳಿದಿರುವುದು ಆ ನಕಲು. ಮೂಲ ನಮೂನೆಗಳನ್ನು ಕೆಲಸ ಮುಗಿದ ಮೇಲೆ ನಾಶ ಮಾಡಿದರು. ಪುಸ್ತಕ ಲಂಡನ್ನಿನ ಗಣತಿ ಕಚೇರಿಗೆ ಹೋದ ಮೇಲೆ ಅಲ್ಲಿನ ಗುಮಾಸ್ತರು ಕಸುಬುಗಳನ್ನು ವರ್ಗವಾರು ಎಣಿಸುತ್ತ, ಎಣಿಸಿದ್ದಕ್ಕೆಲ್ಲ ದಪ್ಪ ಪೆನ್ಸಿಲಿನಿಂದ ಗೀಟು ಎಳೆದರು. ಆ ಗೀಟು ಎಷ್ಟೋ ಸಲ ಕಸುಬಿನ ಪದದ ಮೇಲೇ ಬಿದ್ದಿದೆ.

ಹೀಗೆ ಒಂದು ಪದಕ್ಕೆ ಮೂರು ಪದರ. ಹೇಳಿದವನ ಬಾಯಿ, ಬರೆದವನ ಕೈ, ಎಣಿಸಿದವನ ಗೀಟು. ಓದುವವನು ಕೊನೆಯಿಂದ ಮೊದಲಿಗೆ ಬರಬೇಕು, ಮೇಲಿನ ಪದರದಿಂದ ಬಿಡಿಸುತ್ತ ಹೋಗಬೇಕು.

ಗೀಟು ಬಿಡಿಸುವುದು ಸುಲಭ. ಅದು ಅಕ್ಷರದ ಓಟಕ್ಕೆ ಅಡ್ಡಲಾಗಿ ಬಂದಿರುತ್ತದೆ, ದಪ್ಪವೂ ಬೇರೆ. ಕಷ್ಟ ಎದುರಾಗುವುದು ಕೈಬರಹದಲ್ಲಿ. ನೂರಾರು ಮನೆಗಳ ವಿವರವನ್ನು ನಕಲು ಮಾಡುವಾಗ ಕೊನೆಗೊನೆಗೆ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲಾಗುವುದು ಸಹಜ. ಅನುಭವಿಗಳು ಇಂಥಲ್ಲಿ ಪದವನ್ನು ದಿಟ್ಟಿಸುತ್ತ ಕೂರುವುದಿಲ್ಲ. ಅದನ್ನು ಅಲ್ಲೇ ಬಿಟ್ಟು ಅದೇ ಗಣತಿದಾರ ಬರೆದ ಹತ್ತಾರು ಪುಟಗಳನ್ನು ತಿರುವುತ್ತಾರೆ. ಸಂಶಯವಿಲ್ಲದೆ ಓದಬಹುದಾದ ಪದಗಳು ಎಲ್ಲ ಪುಟದಲ್ಲೂ ಇರುತ್ತವೆ: ಊರಿನ ಹೆಸರು, ಮೇರಿ, ಜಾನ್, ವಿಲಿಯಂ. ಆ ಪದಗಳಿಂದ ಅವನ ವರ್ಣಮಾಲೆಯನ್ನು ಹೆಕ್ಕಿ ಒಂದು ಚೀಟಿಯಲ್ಲಿ ಬಿಡಿಸಿಕೊಳ್ಳುತ್ತಾರೆ. ಅವನ 'ಎ' ಮೇಲೆ ಮುಚ್ಚಿರುತ್ತದೆಯೋ ತೆರೆದಿರುತ್ತದೆಯೋ? 'ಐ'ಗೆ ಚುಕ್ಕಿ ಇಡುತ್ತಾನೋ, ಇಟ್ಟರೆ ಅಕ್ಷರದ ನೆತ್ತಿಗೋ ಮುಂದಿನ ಅಕ್ಷರದ ಮೇಲೋ? 'ಟಿ'ಯ ಅಡ್ಡಗೆರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ? ಈ ಚೀಟಿ ಸಿದ್ಧವಾದ ಮೇಲೆ ಮೊದಲಿನ ಪದಕ್ಕೆ ಮರಳಿದರೆ ಶಾಯಿಯ ಗಂಟು ಅರ್ಧ ಬಿಚ್ಚಿಕೊಂಡಿರುತ್ತದೆ.

ಹಳೆಯ ಇಂಗ್ಲಿಷ್ ಬರಹಕ್ಕೆ ತನ್ನದೇ ಆದ ಕೆಲವು ಮೋಸಗಳಿವೆ. 'ಎಸ್' ಅಕ್ಷರ ಜೋಡಿಯಾಗಿ ಬಂದಾಗ ಮೊದಲನೆಯದನ್ನು ಉದ್ದಕ್ಕೆ ಎಳೆಯುವ ರೂಢಿ ಹತ್ತೊಂಬತ್ತನೆಯ ಶತಮಾನದ ಬಹುಭಾಗ ಉಳಿದಿತ್ತು. ಅದು 'ಎಫ್' ಅಥವಾ 'ಪಿ'ಯಂತೆ ಕಾಣುತ್ತದೆ. ಬಟ್ಟೆ ಹೊಲಿಯುವ 'ಡ್ರೆಸ್ ಮೇಕರ್' ಹೊಸಬನ ಕಣ್ಣಿಗೆ ಅರ್ಥವಿಲ್ಲದ 'ಡ್ರೆಫ್ಸ್' ಆಗುವುದು ಹೀಗೆ. ಒಂದು ಅಕ್ಷರದ ಅಂತರದಲ್ಲಿ ನಿಂತ ಕಸುಬುಗಳ ಗುಂಪುಗಳೂ ಇವೆ. 'ಫ್ಯಾರಿಯರ್' ಕುದುರೆಗೆ ಲಾಳ ಕಟ್ಟುವವನು, 'ಕ್ಯಾರಿಯರ್' ಗಾಡಿ ಹೂಡಿ ಊರಿಂದೂರಿಗೆ ಸಾಮಾನು ಸಾಗಿಸುವವನು, 'ಕರಿಯರ್' ಹದವಾದ ಚರ್ಮವನ್ನು ತಿಕ್ಕಿ, ಎಣ್ಣೆಯೂಡಿ ಮೆದು ಮಾಡುವವನು. ಮೇಲಿನ ಸಾಲಿನಲ್ಲಿದ್ದುದೇ ಎಂದು ಸೂಚಿಸುವ 'ಡಿಟ್ಟೊ' ಗುರುತು ಇನ್ನೊಂದು ಬಲೆ. ನಮ್ಮ ಹಳೆಯ ಲೆಕ್ಕದ ಪುಸ್ತಕಗಳ 'ಸದರಿ' ಇದ್ದಂತೆ. ದಣಿದ ಗಣತಿದಾರ ಅದನ್ನು ಪುಟದುದ್ದಕ್ಕೂ ಇಳಿಸಿಕೊಂಡು ಹೋಗಿರುತ್ತಾನೆ. ನಡುವೆ ಮನೆ ಬದಲಾದದ್ದು ಅವನಿಗೂ ಮರೆತಿರುತ್ತದೆ.

ಸಂಕ್ಷೇಪಗಳನ್ನಂತೂ ಕಲಿತೇ ತೀರಬೇಕು. 1841ರಲ್ಲಿ ಕೆಲವಕ್ಕೆ ಸರ್ಕಾರದ್ದೇ ಒಪ್ಪಿಗೆ ಇತ್ತು. 'ಆಗ್ ಲ್ಯಾಬ್' ಎಂದರೆ ಹೊಲದ ಕೂಲಿ. ಹಳ್ಳಿಗಳ ಪುಟಗಳಲ್ಲಿ ಮೇಲಿಂದ ಕೆಳಗೆ ಇದೇ. 'ಎಂ.ಎಸ್.' ಗಂಡಾಳು, 'ಎಫ್.ಎಸ್.' ಹೆಣ್ಣಾಳು. 'ಇಂಡ್' ಎಂದಿದ್ದರೆ ದುಡಿಯದೆ ಬಾಡಿಗೆಯಲ್ಲೋ ಬಡ್ಡಿಯಲ್ಲೋ ಬದುಕುವ ಸ್ಥಿತಿವಂತರು. ಕಾಲುಚೀಲ ನೇಯುವ ನಾಟಿಂಗ್‌ಹ್ಯಾಂ, ಲೆಸ್ಟರ್ ಸೀಮೆಗಳಲ್ಲಿ ಕಾಣುವ 'ಎಫ್.ಡಬ್ಲ್ಯು.ಕೆ.' ಎಂಬ ಮೂರಕ್ಷರ, ಚೌಕಟ್ಟಿನ ಯಂತ್ರದ ಮುಂದೆ ಮನೆಯಲ್ಲೇ ಕೂತು ಹೆಣೆಯುತ್ತಿದ್ದ 'ಫ್ರೇಮ್‌ವರ್ಕ್ ನಿಟರ್'ನ ಗುರುತು.

ಇಷ್ಟೆಲ್ಲ ಅಕ್ಷರದ ಕೆಲಸ. ಅದು ಮುಗಿದ ಮೇಲೆ ಅರ್ಥದ ಕೆಲಸ. ಪದ ಚೆನ್ನಾಗಿ ಓದಿಯೂ ತಪ್ಪು ತಿಳಿಯುವ ಸಾಧ್ಯತೆ, ಓದಲಾರದೆ ಕೂರುವುದಕ್ಕಿಂತ ಹೆಚ್ಚು ಅಪಾಯದ್ದು, ಏಕೆಂದರೆ ತಪ್ಪಿದ್ದು ಗೊತ್ತೇ ಆಗುವುದಿಲ್ಲ.

ಕಾರ್ನ್‌ವಾಲಿಗೇ ಮರಳೋಣ. ಕ್ಯಾಂಬೋರ್ನ್, ರೆಡ್ರೂತ್ ಊರುಗಳ ಸುತ್ತ ತವರ ಮತ್ತು ತಾಮ್ರದ ಗಣಿಗಳು ಒತ್ತಾಗಿದ್ದ ಕಾಲ. ಅಲ್ಲಿನ ಪುಟದಲ್ಲಿ ಒಬ್ಬ 'ಕ್ಯಾಪ್ಟನ್' ಸಿಗುತ್ತಾನೆ. ಮನೆಯವರು ಹಿರಿಹಿರಿ ಹಿಗ್ಗಿ ಅವನನ್ನು ಸೈನ್ಯಕ್ಕೆ ಸೇರಿಸುತ್ತಾರೆ, ಇಲ್ಲವೇ ಹಡಗು ಹತ್ತಿಸುತ್ತಾರೆ. ಮುಂದಿನ ಪುಟದಲ್ಲಿ 'ಪರ್ಸರ್' ಸಿಕ್ಕರೆ ಹಡಗಿನ ಕಥೆ ಇನ್ನಷ್ಟು ಗಟ್ಟಿಯಾಗುತ್ತದೆ, ಪರ್ಸರ್ ಎಂದರೆ ಹಡಗಿನ ಲೆಕ್ಕಪತ್ರದವನು. ಆದರೆ ಆ ಊರಿನಲ್ಲಿ ಕ್ಯಾಪ್ಟನ್ ಎಂದರೆ ಗಣಿಯ ಮೇಲ್ವಿಚಾರಕ, ಪರ್ಸರ್ ಎಂದರೆ ಗಣಿಯ ಲೆಕ್ಕ ನೋಡಿಕೊಳ್ಳುವವನು. ಇಬ್ಬರೂ ಸಮುದ್ರ ಕಂಡಿದ್ದರೆ ದಡದಲ್ಲಿ ನಿಂತು ಕಂಡಿರಬಹುದು. ಕ್ಯಾಪ್ಟನ್‌ಗಳಲ್ಲೇ 'ಗ್ರಾಸ್ ಕ್ಯಾಪ್ಟನ್' ಎಂಬ ಇನ್ನೊಂದು ಬಗೆ ಇದೆ. ಗ್ರಾಸ್ ಎಂದರೆ ಹುಲ್ಲು. ಹುಲ್ಲಿನ ಕ್ಯಾಪ್ಟನ್ ಎಂದು ಓದಿ ನಗುವಂತಿಲ್ಲ. ನೆಲದಾಳದಿಂದ ಮೇಲೆ ಬರುವುದನ್ನು ಆ ಗಣಿಗಾರರು 'ಹುಲ್ಲಿಗೆ ಬರುವುದು' ಎನ್ನುತ್ತಿದ್ದರು. ಮೇಲ್ಗಡೆಯ ಕೆಲಸಗಳನ್ನು ನೋಡಿಕೊಳ್ಳುವವನು ಗ್ರಾಸ್ ಕ್ಯಾಪ್ಟನ್. ಇಡೀ ದಿನ ಮೋಂಬತ್ತಿಯ ಬೆಳಕಿನಲ್ಲಿ ಬಂಡೆಯೊಡನೆ ಗುದ್ದಾಡಿ, ಏಣಿ ಹತ್ತಿ ಬಂದವರಿಗೆ ಭೂಮಿಯ ಮೇಲ್ಮೈ ಹುಲ್ಲಾಗಿಯೇ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಅದೇ ಪುಟಗಳಲ್ಲಿ 'ಲ್ಯಾಂಡರ್' ಇರುತ್ತಾನೆ. ಅವಸರದಲ್ಲಿ ಓದಿದರೆ 'ಲ್ಯಾಂಡೆಡ್', ಅಂದರೆ ಜಮೀನ್ದಾರ. ನಿಜಕ್ಕೆ ಆತ ಗಣಿಬಾವಿಯ ಬಾಯಿಯಲ್ಲಿ ನಿಂತು ಮೇಲೆ ಬಂದ ಅದಿರಿನ ಬಾನಿಯನ್ನು ಹಿಡಿದು ಸುರಿಯುವ ಆಳು. 'ಟ್ರಿಬ್ಯೂಟರ್' ಎಂಬ ಪದ ಕಪ್ಪಕಾಣಿಕೆಯನ್ನು ನೆನಪಿಸುತ್ತದೆ. ಅವನೂ ಗಣಿಗಾರನೇ; ಸಂಬಳಕ್ಕಲ್ಲ, ತೆಗೆದ ಅದಿರಿನ ಬೆಲೆಯಲ್ಲಿ ಪಾಲಿಗೆ ದುಡಿಯುವವನು. ನಿಗದಿಯಾದ ದಿನ ಗಣಿಯ ಭಾಗಗಳನ್ನು ಹರಾಜಿಗೆ ಇಡುತ್ತಿದ್ದರು. ಕಡಿಮೆ ಪಾಲಿಗೆ ಒಪ್ಪಿದ ತಂಡಕ್ಕೆ ಆ ಭಾಗ. ಬಂಡೆಯ ಬಣ್ಣ, ಅದಿರಿನ ಎಳೆ ಎತ್ತ ತಿರುಗುತ್ತದೆ ಎಂಬ ಅಂದಾಜು, ಇವೇ ಅವನ ಬಂಡವಾಳ. ಅಂದಾಜು ಸರಿಯಾದರೆ ಕೈತುಂಬ ಹಣ, ತಪ್ಪಿದರೆ ಸಾಲ. 'ಟಟ್‌ವರ್ಕ್' ಮಾಡುವವನು ಬೇರೆ. ಅವನು ಬಾವಿ, ಸುರಂಗ ತೋಡುತ್ತಾನೆ, ಕೂಲಿ ಅಳತೆಯ ಮೇಲೆ, ಆರು ಅಡಿಗೆ ಇಷ್ಟೆಂದು. ಗಣತಿದಾರನಿಗೆ ಬಿಡುವಿಲ್ಲದಿದ್ದರೆ ಇವರೆಲ್ಲ 'ಮೈನರ್' ಎಂಬ ಒಂದೇ ಪದದಲ್ಲಿ ಮುಳುಗಿಹೋಗಿರುತ್ತಾರೆ. ಬರಿ ಗಣಿಗಾರ ಎಂದರೆ ಸಾಲದು, ಯಾವ ಗಣಿ ಎಂದೂ ಹೇಳಬೇಕು ಎಂದು ಮುಂದೆ ಸೂಚನೆ ಬಂತು.

ಹೆಣ್ಣುಮಕ್ಕಳ ಸಾಲಿಗೆ ಬಂದಾಗ ಇನ್ನೂ ಎಚ್ಚರ ಬೇಕು. ಹದಿನೈದು ವರ್ಷದ ಮಗಳ ಮುಂದೆ 'ಡ್ರೆಸ್ಸರ್' ಎಂದಿದೆ. ಅಕ್ಷರ ನಿಚ್ಚಳ, ಆದ್ದರಿಂದಲೇ ಮನಸ್ಸು ಹೊಲಿಗೆಗೆ ಓಡುತ್ತದೆ. ಆದರೆ ಇಲ್ಲಿ ಡ್ರೆಸ್ ಎಂದರೆ ಅದಿರನ್ನು ಒಡೆದು, ಕಲ್ಲು ಬೇರ್ಪಡಿಸಿ ಸಿದ್ಧ ಮಾಡುವುದು. ಕಾರ್ನಿಷ್ ಭಾಷೆಯಲ್ಲಿ 'ಬಾಲ್' ಎಂದರೆ ಗಣಿ. ಈ ಕೆಲಸದ ಹುಡುಗಿಯರಿಗೆ ಊರಿನಲ್ಲಿ 'ಬಾಲ್ ಮೇಡನ್' ಎಂದೇ ಹೆಸರು. ಅವರು ನೆಲದಡಿಗೆ ಇಳಿಯುತ್ತಿರಲಿಲ್ಲ, ಗಣಿಯ ಅಂಗಳದಲ್ಲಿ ದುಡಿಯುತ್ತಿದ್ದರು. ದೊಡ್ಡ ಬಂಡೆಯನ್ನು ಉದ್ದ ಹಿಡಿಕೆಯ ಸುತ್ತಿಗೆಯಿಂದ ಒಡೆಯುವುದಕ್ಕೆ 'ಸ್ಪಾಲಿಂಗ್', ಆ ತುಂಡುಗಳನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಬರಿಗಲ್ಲನ್ನು ಬೇರೆ ಮಾಡುವುದಕ್ಕೆ 'ಕಾಬಿಂಗ್', ಉಳಿದ ಒಳ್ಳೆಯ ಅದಿರನ್ನು ಚಪ್ಪಟೆ ಸುತ್ತಿಗೆಯಿಂದ ಕಾಳಿನಂತೆ ನುರಿಯುವುದಕ್ಕೆ 'ಬಕಿಂಗ್' ಎನ್ನುತ್ತಿದ್ದರು. ಇಷ್ಟು ವಿವರವಾದ ದುಡಿಮೆ ಗಣತಿಯ ಪುಸ್ತಕದಲ್ಲಿ 'ಕಾಪರ್ ಓರ್ ಡ್ರೆಸ್ಸರ್' ಆಗಿ ಮುಗಿಯುತ್ತದೆ. ಕಾಪರ್ ಓರ್, ಅಂದರೆ ತಾಮ್ರದ ಅದಿರು, ಎಂಬ ಪದಗಳನ್ನು ಗಣತಿದಾರ ಬಿಟ್ಟಿದ್ದರೆ, ಸುತ್ತಿಗೆ ಹಿಡಿದ ಹುಡುಗಿಯ ಕೈಗೆ ನೂರೈವತ್ತು ವರ್ಷಗಳ ನಂತರ ಅವಳ ವಂಶದವರೇ ಸೂಜಿ ಕೊಟ್ಟುಬಿಡುತ್ತಾರೆ.

ಅವಳ ತಾಯಿಯ ಸಾಲಿನಲ್ಲಿ ಕಸುಬಿನ ಕಾಲಂ ಬಹುಶಃ ಖಾಲಿ. ತಂದೆತಾಯಿಗೆ, ಗಂಡನಿಗೆ ನೆರವಾಗುವವರ ಕಸುಬನ್ನು ಬರೆಯಬೇಕಿಲ್ಲ ಎಂದು 1841ರ ಸೂಚನೆಯೇ ಹೇಳಿತ್ತು. ಮುಂದಿನ ಗಣತಿಗಳಲ್ಲಿ 'ಗಣಿಗಾರನ ಹೆಂಡತಿ' ಎಂಬಂಥ ಮಾತು ಬರುತ್ತದೆ. ಹಾಗಾಗಿ ಖಾಲಿ ಜಾಗವನ್ನು ಕೆಲಸವಿಲ್ಲ ಎಂದು ಓದುವುದು ಈ ಕಸುಬಿನಲ್ಲಿ ದೊಡ್ಡ ತಪ್ಪು. ಮನೆಯಲ್ಲಿ ಮೂವರು ಬಾಡಿಗೆಯವರು ಉಂಡು ಮಲಗುತ್ತಿದ್ದರೆ, ಅವರಿಗೆ ಬೇಯಿಸಿ, ಒಗೆದು ಹಾಕುತ್ತಿದ್ದವಳ ದುಡಿಮೆ ಆ ಬಾಡಿಗೆಯವರ ಸಾಲುಗಳಲ್ಲಿ ಇರುತ್ತದೆ.

ಇದರಿಂದಲೇ ಬಲ್ಲವರು ಒಂದು ಸಾಲನ್ನು ಎಂದೂ ಒಂಟಿಯಾಗಿ ಓದುವುದಿಲ್ಲ. ಮನೆಯನ್ನು ಓದುತ್ತಾರೆ, ಆಮೇಲೆ ಬೀದಿಯನ್ನು. ಎಡಕ್ಕೆ ಗಣಿಗಾರ, ಬಲಕ್ಕೆ ಗಣಿಗಾರ, ಎದುರಿಗೆ ಅದಿರು ಒಡೆಯುವ ಅಕ್ಕತಂಗಿಯರು. ನಡುವಿನ ಮನೆಯ ಗೋಜಲು ಪದ 'ಟಿನ್ನರ್' ಆಗುವ ಸಂಭವ ಹೆಚ್ಚು. ಪಕ್ಕದಲ್ಲಿ ತೊಗಲಿನ ಹೊಂಡಗಳೂ ಚಮ್ಮಾರರೂ ಇದ್ದರೆ 'ಟ್ಯಾನರ್' ಕಡೆಗೆ ತಕ್ಕಡಿ ವಾಲುತ್ತದೆ. ಸಂಭವ ಹೆಚ್ಚು ಎಂಬುದು ಸಾಬೀತಲ್ಲ, ಆದ್ದರಿಂದ ಮುಂದಿನ ಹೆಜ್ಜೆ ಸಾಕ್ಷಿ ಹುಡುಕುವುದು. ಇಂಗ್ಲೆಂಡಿನಲ್ಲಿ 1837ರ ಜುಲೈ 1ರಿಂದ ಜನನ, ಮರಣ, ಮದುವೆಗಳ ಸರ್ಕಾರಿ ನೋಂದಣಿ ಇದೆ. ಮದುವೆಯ ಪತ್ರದಲ್ಲಿ ವರನ ಕಸುಬು, ವಧೂವರರ ತಂದೆಯರ ಕಸುಬು ಇರುತ್ತವೆ. ಹತ್ತು ವರ್ಷ ಹಿಂದಿನ ಗಣತಿಯೊಂದು, ಮುಂದಿನದೊಂದು. ಬೇರೆ ಬೇರೆ ಕೈಗಳು ಬರೆದ ಆ ದಾಖಲೆಗಳಲ್ಲಿ ಒಂದೇ ಕಸುಬು ಮರಳಿ ಮರಳಿ ಬಂದರೆ ಮಾತ್ರ ಪೆನ್ಸಿಲಿನಲ್ಲಿ ಬರೆದುಕೊಂಡದ್ದನ್ನು ಶಾಯಿಯಲ್ಲಿ ತಿದ್ದುತ್ತಾರೆ.

ನಿಘಂಟೂ ಉಂಟು. 1921ರ ಗಣತಿಯ ಕಸುಬುಗಳ ವರ್ಗೀಕರಣವನ್ನು ಆಧರಿಸಿ 1927ರಲ್ಲಿ ಕಸುಬಿನ ಪದಗಳ ಕೋಶವೊಂದನ್ನು ಅಚ್ಚು ಹಾಕಿದರು. ಸುಮಾರು 30,000 ಪದಗಳು. ಹತ್ತಿ ಗಿರಣಿಯಲ್ಲಿ ಹರಿದ ನೂಲನ್ನು ಬೆರಳಲ್ಲಿ ಹೊಸೆದು ಸೇರಿಸುವ 'ಪೀಸರ್'ನಂಥವರಿಗೂ ಅದರಲ್ಲಿ ಜಾಗವಿದೆ. ಆದರೆ 1927ರ ಅರ್ಥವನ್ನು 1851ಕ್ಕೆ ಹಾಗೇ ಹಚ್ಚುವಂತಿಲ್ಲ. 'ಎಂಜಿನ್ ಡ್ರೈವರ್' ಎಂದರೆ ರೈಲು ಓಡಿಸುವವನೇ ಆಗಬೇಕಿಲ್ಲ. ಗಣಿಯ ನೀರೆತ್ತುವ ಉಗಿಯಂತ್ರದ ಪಕ್ಕ ಒಂದೇ ಜಾಗದಲ್ಲಿ ಜೀವಮಾನ ಕಳೆದವನೂ ಎಂಜಿನ್ ಡ್ರೈವರ್.

1891ರಿಂದ ಇನ್ನೊಂದು ಸುಳಿವು ಸಿಗುತ್ತದೆ. ಆತ ಕೆಲಸ ಕೊಡುವವನೋ, ಇನ್ನೊಬ್ಬರ ಕೈಕೆಳಗಿನವನೋ, ಎರಡೂ ಅಲ್ಲವೋ ಎಂದು ಗುರುತು ಹಾಕಲು ಮೂರು ಕಾಲಂ ಬಂದವು. ಪಾಲಿಗೆ ದುಡಿಯುವ ಟ್ರಿಬ್ಯೂಟರ್ ಯಾವ ಕಾಲಂಗೆ ಸೇರಬೇಕು? ಅವನಿಗೂ ಗಣತಿದಾರನಿಗೂ ಅದು ತಲೆನೋವೇ ಆಗಿರಬೇಕು. ಆ ವರ್ಷದ ಗುರುತುಗಳನ್ನು ತೀರ ನಂಬಬಾರದೆಂದು ಹಳಬರು ಹೇಳುತ್ತಾರೆ.

1911ರ ಗಣತಿ ಬೇರೆಯೇ ಅನುಭವ. ಆ ವರ್ಷ ನಕಲು ಪುಸ್ತಕದ ಬದಲು ಮನೆಯವರು ತುಂಬಿದ ನಮೂನೆಗಳನ್ನೇ ಉಳಿಸಿದರು. ಅಲ್ಲಿಯವರೆಗೆ ಯಾರದೋ ಕೈಯಲ್ಲಿ ಓದಿದ ಹೆಸರು ಮೊದಲ ಬಾರಿಗೆ ಅವನ ಸ್ವಂತ ಅಕ್ಷರದಲ್ಲಿ ಎದುರಾಗುತ್ತದೆ. ಕಸುಬನ್ನು ಬರೆದು, ಹೊಡೆದುಹಾಕಿ, ಇನ್ನೂ ಬಿಡಿಸಿ ಬರೆದದ್ದು ಕಾಣುತ್ತದೆ. ಅಂಚಿನಲ್ಲಿ ಬಣ್ಣದ ಶಾಯಿಯ ಅಂಕಿ ಇದ್ದರೆ ಅದು ಮನೆಯವರದಲ್ಲ. ಆ ಸಲ ರಂಧ್ರ ಹೊಡೆದ ಕಾರ್ಡುಗಳಿಂದ ಯಂತ್ರದಲ್ಲಿ ಎಣಿಸಿದ್ದರಿಂದ ಗುಮಾಸ್ತರು ಪ್ರತಿ ಕಸುಬಿಗೂ ಒಂದು ಸಂಖ್ಯೆ ಕೊಟ್ಟರು. ಪದ ಓದಲಾಗದಿದ್ದರೂ ಸಂಖ್ಯೆಯ ಪಟ್ಟಿ ಹಿಡಿದು ಕಸುಬಿನ ಕೇರಿಯವರೆಗೆ ಹೋಗಬಹುದು.

ಮತ್ತೆ ಕಾರ್ನ್‌ವಾಲ್. 1866ರಲ್ಲಿ ತಾಮ್ರದ ಬೆಲೆ ಕುಸಿದ ಮೇಲೆ ಗಣಿಗಳು ಒಂದೊಂದೇ ಮುಚ್ಚುತ್ತ ಬಂದವು, ಗಣಿಗಾರರು ದಕ್ಷಿಣ ಆಸ್ಟ್ರೇಲಿಯ, ಅಮೆರಿಕ, ದಕ್ಷಿಣ ಆಫ್ರಿಕಗಳಿಗೆ ಗುಳೆ ಹೊರಟರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಗಳಿಗೆ ಕೈ ಹಾಕಿತು. ಕಾರ್ನ್‌ವಾಲಿನ ಕ್ಯಾಪ್ಟನ್‌ಗಳೂ ನುರಿತ ಗಣಿಗಾರರೂ ಹಡಗು ಹತ್ತಿ ಇಲ್ಲಿಗೆ ಬಂದರು. ಇದರ ಗುರುತು ಅಲ್ಲಿನ ಗಣತಿ ಪುಟಗಳಲ್ಲಿ ಬೀಳುವ ಬಗೆ ವಿಚಿತ್ರ. 1891ರ ಏಪ್ರಿಲ್ 5ರ ರಾತ್ರಿ ಮನೆಯಲ್ಲಿ ಇಲ್ಲದವನ ಹೆಸರು ಮನೆಯ ಪಟ್ಟಿಯಲ್ಲಿ ಬರುವುದಿಲ್ಲ. ಹೆಂಡತಿಯ ಹೆಸರೇ ಮೊದಲ ಸಾಲು. ಸಂಬಂಧದ ಕಾಲಂನಲ್ಲಿ 'ಹೆಂಡತಿ' ಎಂದಿದೆ, ಯಾರ ಹೆಂಡತಿ ಎಂಬ ಸಾಲು ಮೇಲೆ ಇಲ್ಲ. ಮದುವೆಯಾದವಳು, ವಿಧವೆಯಲ್ಲ. ಕಸುಬು 'ಗಣಿಗಾರನ ಹೆಂಡತಿ'. ಅನುಭವಿಯ ಕಣ್ಣು ಈ ಇಲ್ಲದ ಸಾಲಿನ ಮೇಲೆ ನಿಲ್ಲುತ್ತದೆ, ಹಡಗಿನ ಪಟ್ಟಿಗಳತ್ತ ಕೈ ಹೋಗುತ್ತದೆ.

ಅಂಥವನು ಆ ವಸಂತದಲ್ಲಿ ಕೋಲಾರದಲ್ಲಿದ್ದಿದ್ದರೆ ಆರು ವಾರದೊಳಗೆ ನಡೆದ ಎರಡು ಗಣತಿಗಳ ನಡುವೆ ಅವನ ಸಂಸಾರ ಹಂಚಿಹೋಗಿತ್ತು. ಮೈಸೂರು ಸೀಮೆ ಸೇರಿದಂತೆ ಇಡೀ ಭಾರತದಲ್ಲಿ ಗಣತಿ ನಡೆದದ್ದು ಅದೇ ವರ್ಷದ ಫೆಬ್ರವರಿ 26ರಂದು. ನಮ್ಮ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದ ಆ ಎಣಿಕೆಯಲ್ಲೂ ಕಸುಬು ಕೇಳಿ ಬರೆದುಕೊಂಡರು. ಆದರೆ ಕೋಷ್ಟಕಗಳು ಸಿದ್ಧವಾದ ಮೇಲೆ ಮನೆಮನೆಯ ಹಾಳೆಗಳನ್ನು ಇಲ್ಲಿ ಉಳಿಸಲಿಲ್ಲ. ವರದಿಗಳಲ್ಲಿ ಕಸುಬುಗಳಿವೆ, ಸಂಖ್ಯೆಗಳಿವೆ, ಹೆಸರುಗಳಿಲ್ಲ. ಉತ್ತರ ಕರ್ನಾಟಕದ ಹೆಳವರು ಎತ್ತಿನ ಮೇಲೆ ಬಂದು ಮನೆತನದ ವಂಶಾವಳಿ ಹೇಳಿ ಹೋಗುವ ಕಡೆ ಒಂದಿಷ್ಟು ಹೆಸರುಗಳಾದರೂ ಉಳಿದಿವೆ. ಕೋಲಾರದ ಗಣಿಯ ಆಳದಲ್ಲಿ ಆ ಕಾರ್ನಿಷ್ ಕ್ಯಾಪ್ಟನ್ನನ ಜೊತೆ ಇಳಿದವರು ತಮಿಳು ಜಿಲ್ಲೆಗಳಿಂದ, ಸುತ್ತಲ ಹಳ್ಳಿಗಳಿಂದ ಬಂದ ಕೂಲಿಗಳು. ಅವನನ್ನು ಹುಡುಕಲು ಕ್ಯಾಂಬೋರ್ನಿನ ಒಂದು ಪುಟವಿದೆ, ಅದರ ಮೊದಲ ಸಾಲಿನಲ್ಲಿ ಅವನ ಹೆಂಡತಿಯ ಹೆಸರಿದೆ. ಪಕ್ಕದಲ್ಲಿ ನಿಂತು ಸುತ್ತಿಗೆ ಬೀಸಿದವನ ಮೊಮ್ಮಗನಿಗೆ ಗಂಟು ಬಿಡಿಸಿ ಓದಲು ಅಂಥ ಒಂದು ಸೊಟ್ಟ ಅಕ್ಷರವೂ ಇಲ್ಲ.